ಸ್ಪೀಕರ್‌ಗಿಂತ ಬಾಗಿಲಿಗೇ ಜಾಸ್ತಿ ಕೆಲಸ

"ಆಂಪ್ಲಿಫೈಯರ್ ಇಲ್ಲದೆ ಆ ಡಬ್ಬಾ ಕಾರಿನಲ್ಲಿ ಬೇಸ್ ಬರುತ್ತಾ?" ಅಂದವರೇ ಎಲ್ಲ. ಹಾಸನದ ಒಂದು ಅಂಗಡಿಯಲ್ಲಿ ಮೂವತ್ತು ಸಾವಿರದ ಪಟ್ಟಿ ಬರೆದುಕೊಟ್ಟರು. ನನ್ನ 2007ರ ವ್ಯಾಗನ್ ಆರ್ ಮಾರಿದರೂ ಅದರ ಮೂರು ಪಟ್ಟು ಬಂದರೆ ಹೆಚ್ಚು. ಮೊನ್ನೆ ಭಾವ ಅದೇ ಕಾರಿನಲ್ಲಿ ಕೂತು ಹಾಡು ಕೇಳಿ, ಸೀಟಿನ ಕೆಳಗೆ ಬಗ್ಗಿ ಬೇಸ್‌ಗೆಂದೇ ಇಡುವ ಸಬ್‌ವೂಫರ್ ಹುಡುಕಿದರು. ಅಲ್ಲೇನೂ ಇರಲಿಲ್ಲ.

ಮೊದಲು ದುಡ್ಡು ಕಳೆದದ್ದು ಹಿಂದಿನ ಸೀಟಿನ ಆಚೆಯ ಟ್ರೇಗೆ ಓವಲ್ ಸ್ಪೀಕರ್ ಹಾಕಿಸಿ. ನಾಲ್ಕು ಸಾವಿರ ಚಿಲ್ಲರೆ. ಹಾಡೆಲ್ಲ ಬೆನ್ನ ಹಿಂದೆ, ಟ್ರೇ ಗಡಗಡ. ಆಮೇಲೆ ಮುಂದಿನ ಬಾಗಿಲಿಗೆ ಆರೂವರೆ ಇಂಚಿನ ಕಾಂಪೊನೆಂಟ್ (ದೊಡ್ಡ ಸ್ಪೀಕರ್, ಕೀಚಲು ಸದ್ದಿನ ಪುಟ್ಟ ಟ್ವೀಟರ್ ಬೇರೆ ಬೇರೆ ಇರುವ ಸೆಟ್) ತಂದೆ, 4 ಓಮ್, 91 ಡಿಬಿ. ಹಾಡು ಹಾಕುವ ಡೆಕ್ ಮೇಲೆ 50 ವಾಟ್ ಅಂತ ಬರೆದಿದ್ದರೂ ಹದಿನೈದು, ಇಪ್ಪತ್ತು ಕೊಟ್ಟರೆ ದೊಡ್ಡದು. ಡಿಬಿ ಜಾಸ್ತಿ ಇದ್ದಷ್ಟು ಅದೇ ವಾಟ್‌ಗೆ ಸದ್ದು ಜೋರು, ಅದಕ್ಕೇ ಡಿಬಿ ನೋಡಿ ಆರಿಸಿದೆ.

ಗಾಜು ಇಳಿಸಿದರೆ ಸ್ಪೀಕರ್ ಹಿಂದಿನ ಮ್ಯಾಗ್ನೆಟ್‌ಗೆ ಟಕ್ ಅಂತ ತಾಗಿತು. ಪ್ಲೈವುಡ್ ರಿಂಗ್ ಕೊಟ್ಟು ಹೊರಗೆ ಎತ್ತಿದೆ. ಸಕಲೇಶಪುರದ ಒಂದೇ ಮಳೆಗಾಲಕ್ಕೆ ರಿಂಗ್ ಹಪ್ಪಳದ ಹಾಗೆ ಉಬ್ಬಿತು. ಈಗ ಇರುವುದು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ ಕೊರೆದದ್ದು. ಹೆಂಡತಿಗೆ ಹೊಸ ಮಣೆ ಕೊಡಿಸಿದ್ದನ್ನೂ ಲೆಕ್ಕಕ್ಕೆ ಸೇರಿಸಿ.

ಇಷ್ಟಾದರೂ ಬೇಸ್ ಇಲ್ಲ. ಬಾಗಿಲಿನ ಒಳತಗಡಿನಲ್ಲಿ ಕೈ ತೂರುವಷ್ಟು ತೂತುಗಳಿವೆಯಲ್ಲ, ಕೋನ್ (ಸ್ಪೀಕರಿನ ಅದುರುವ ಭಾಗ) ಹಿಂದಿನ ಸದ್ದು ಅಲ್ಲಿಂದ ಬಂದು ಮುಂದಿನದನ್ನು ತಿಂದುಹಾಕುತ್ತದೆ. ತಗಡು ಅದುರದಂತೆ ಅಂಟಿಸುವ ಡ್ಯಾಂಪಿಂಗ್ ಶೀಟಿಗೆ ಹೇಳಿದ ರೇಟಿಗೆ ಹೆದರಿ, ತಾರಸಿ ಸೋರಿಕೆಗೆ ಅಂಟಿಸುವ ಟೇಪ್ ತಂದೆ. ಮೊದಲು ತಂದದ್ದು ಡಾಂಬರಿನದು. ಏಪ್ರಿಲ್ ಬಿಸಿಲಿಗೆ ಜಾರಿತು, ಕಾರೆಲ್ಲ ರಸ್ತೆ ಹಾಕಿದ ವಾಸನೆ. ಬ್ಯುಟೈಲ್ ರಬ್ಬರಿನ ಟೇಪ್ ತರಿಸಿದ ಮೇಲೆ ನಿಂತಿತು. ದೊಡ್ಡ ತೂತಿಗೆ ಅಲ್ಯೂಮಿನಿಯಂ ತಗಡು ಇಟ್ಟು ಮೇಲೆ ಟೇಪ್. ಲಾಕ್ ಕಡ್ಡಿಗೆ ತಾಗಬಾರದು. ಬಾಗಿಲ ಅಡಿಯ ನೀರು ಹೋಗುವ ತೂತನ್ನಂತೂ ಮುಚ್ಚಲೇಬೇಡಿ. ಸುಮ್ನೆ ನೋಡೋಣ ಅಂತ ಒಳಗೆ ಹಳೇ ರಗ್ಗಿನ ತುಂಡು ತುರುಕಿದ್ದೆ. ನೀರು ಕುಡಿದು ಮುಗ್ಗಲು ಹಿಡಿಯಿತು, ಕಿತ್ತು ಬಿಸಾಕಿದೆ. ಕಾಫಿ ಒಣಗಿಸುವ ಸಿಲ್ಪಾಲಿನ್ ಟಾರ್ಪಾಲಿನ ತುಂಡನ್ನು ಸ್ಪೀಕರ್ ಮೇಲೆ ಸೂರಿನ ಹಾಗೆ ಅಂಟಿಸಿದ್ದು ಮಾತ್ರ ಚೆನ್ನಾಗಿ ಕೂತಿದೆ.

ಒಂದು ಭಾನುವಾರ ಪೂರ್ತಿ ವೈರ್ ತಿಂದಿತು. ಡೆಕ್‌ನ ಎಡ-ಬಲ ಬ್ಯಾಲೆನ್ಸ್ ಒಂದು ಕಡೆಗೆ ತಿರುಗಿಸಿದರೆ ಬೇಸ್ ಇದೆ, ನಡುವೆ ತಂದರೆ ಮಾಯ. ಬಲ ಬಾಗಿಲಿನ ಸ್ಪೀಕರಿನ ಪ್ಲಸ್-ಮೈನಸ್ ಉಲ್ಟಾ ಸೇರಿಸಿದ್ದೆ! ಗಡಿಯಾರದ ಸೆಲ್ ತಾಗಿಸಿ ಕೋನ್ ಹೊರಗೆ ಬರುತ್ತಾ ಅಂತ ಮೊದಲೇ ನೋಡಿದ್ದರೆ ಐದು ನಿಮಿಷದ ಕೆಲಸ. ಟ್ವೀಟರ್ ಯಾವ ಕಡೆ ಎಷ್ಟು ಓರೆ ಅನ್ನುವುದನ್ನು ಹೇಳುವುದಿಲ್ಲ. ಎರಡು ತಿಂಗಳು ಅಂಟಿಸಿ ಕಿತ್ತು ಕಂಡುಕೊಂಡದ್ದು, ನೀವೂ ಸ್ವಲ್ಪ ಒದ್ದಾಡಿ.

ಹಳೇ ಓವಲ್ ಮಾರಿ ಬಂದ ಸಾವಿರದ ಐನೂರು ಕಳೆದರೆ, ಒಟ್ಟು ಒಂಬತ್ತು ಹತ್ತು ಸಾವಿರ ಆಗಿರಬೇಕು. ಮೊದಲು ಆಕಾಶವಾಣಿ ವಾರ್ತೆ ಕೊಡದೊಳಗಿಂದ ಓದಿದ ಹಾಗಿರುತ್ತಿತ್ತು. ಈಗ ಓದುವವರು ಡ್ಯಾಶ್‌ಬೋರ್ಡ್ ಮೇಲೆ ಕೂತಿದ್ದಾರೆ. ಭಾವನ ಸ್ಯಾಂಟ್ರೊ ನಮ್ಮ ಅಂಗಳದಲ್ಲಿ ಬಾಗಿಲು ಬಿಚ್ಚಿಕೊಂಡು ನಿಂತಿದೆ.