ಕಬ್ಬಿನ ತರಗಿಗೆ ಬೆಂಕಿ ಇಡದೆ ಎಂಟು ವರ್ಷ

ಈ ಆಗಸ್ಟ್‌ನಲ್ಲಿ ನನ್ನ ಕಬ್ಬಿನ ನಾಲ್ಕನೇ ಕೂಳೆ (ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬರುವ ಬೆಳೆ) ಕಡಿದಾಯಿತು. ಎಕರೆಗೆ 41 ಟನ್ ಬಂತು. ನಮ್ಮ ಕಡೆ ಎರಡು ಕೂಳೆ ಆದ ಮೇಲೆ ಬುಡ ಕಿತ್ತು ಹೊಸದಾಗಿ ನಾಟಿ ಮಾಡುವುದು ವಾಡಿಕೆ. ನಾಲ್ಕನೇ ಕೂಳೆಗೆ 41 ಟನ್ ಅಂದಾಗ ಊರಲ್ಲಿ ಯಾರೂ ನಂಬಲಿಲ್ಲ. ತೂಕದ ಚೀಟಿಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಇಟ್ಟಿದ್ದೇನೆ. ಕೇಳಿದವರಿಗೆ ಅದನ್ನೇ ತೋರಿಸುತ್ತೇನೆ.

ನನ್ನದು ಪಾಂಡವಪುರ ತಾಲ್ಲೂಕು, ವಿಶ್ವೇಶ್ವರಯ್ಯ ನಾಲೆಯ ಬಯಲು. ಮೇಲಿನ ಎರಡು ಎಕರೆ ಕೆಂಪು ಮರಳು ಮಿಶ್ರಿತ ಮಣ್ಣು, ಕೆಳಗೆ ಮುಕ್ಕಾಲು ಎಕರೆ ತಗ್ಗು. ಇಲ್ಲಿ ಬರೆಯುತ್ತಿರುವುದು ಮೇಲಿನ ಎರಡು ಎಕರೆಯ ಕಥೆ. ತಗ್ಗಿನದು ಬೇರೆ, ಕೊನೆಗೆ ಹೇಳುತ್ತೇನೆ.

2017ರಲ್ಲಿ ಮಣ್ಣು ಪರೀಕ್ಷೆ ಮಾಡಿಸಿದಾಗ ಸಾವಯವ ಇಂಗಾಲ ಶೇಕಡಾ 0.38 ಇತ್ತು. ಶೇಕಡಾ ಅರ್ಧಕ್ಕಿಂತ ಕೆಳಗೆ ಅಂದರೆ ಕಡಿಮೆ. ಆದರೆ ನನಗೆ ಚೀಟಿಯ ಅಂಕಿಗಿಂತ ಜಾಸ್ತಿ ಹೆದರಿಕೆ ಆಗಿದ್ದು ಗುದ್ದಲಿ ಹಾಕಿದಾಗ. ನೀರು ಕಟ್ಟಿ ನಾಲ್ಕೇ ದಿನಕ್ಕೆ ನೆಲ ಇಟ್ಟಿಗೆ ಥರ ಆಗುತ್ತಿತ್ತು. ಯೂರಿಯಾ ಎಕರೆಗೆ ಆರು ಚೀಲ ಹಾಕುತ್ತಿದ್ದೆ. ಮೊದಲನೇ ಕೂಳೆ 35 ಟನ್, ಎರಡನೆಯದು 27, 28. ಕೊಟ್ಟಿಗೆ ಗೊಬ್ಬರ ಹಾಕೋಣ ಅಂದರೆ ಮನೆಯಲ್ಲಿ ಇದ್ದದ್ದು ಎರಡು ಹಸು. ಕೊಳ್ಳೋಣ ಅಂದರೆ ಒಂದು ಟ್ರ್ಯಾಕ್ಟರ್ ಲೋಡಿಗೆ ನಾಲ್ಕು ಸಾವಿರದ ಹತ್ತಿರ, ಅದರಲ್ಲೂ ಅರ್ಧ ಮಣ್ಣು. ಹೀಗಿರುವಾಗ ಪ್ರತಿ ವರ್ಷ ಎಕರೆಗೆ ಮೂರು ನಾಲ್ಕು ಟನ್ ಒಣ ತರಗನ್ನು, ಅಂದರೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿಯುವ ಸೋಗೆಯನ್ನು, ನಾನೇ ಬೆಂಕಿ ಇಟ್ಟು ಸುಡುತ್ತಿದ್ದೆ. ಇದು ತಲೆಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತಲ್ಲ ಅನ್ನುವುದೇ ಇವತ್ತಿಗೂ ಬೇಜಾರು.

2018ರ ಫೆಬ್ರವರಿಯಲ್ಲಿ ಮೊದಲ ಸಲ ಸುಡದೆ ಬಿಟ್ಟೆ. ತರಗನ್ನು ಹಾಗೇ ಗದ್ದೆ ತುಂಬ ಹರಡಿಸಿದೆ, ಮೊಣಕಾಲುದ್ದ. ಅದು ಪೂರಾ ಸೋಲು. ನಮ್ಮದು ನಾಲೆ ನೀರು, ಸಾಲಿನಲ್ಲಿ ಹರಿಯಬೇಕು. ತೂಬಿನಿಂದ ಬಿಟ್ಟ ನೀರು ತರಗಿನಲ್ಲಿ ಸಿಕ್ಕಿಕೊಂಡು ಹತ್ತು ಮಾರು ಕೂಡ ಮುಂದೆ ಹೋಗಲಿಲ್ಲ. ಮೇಲೆ ಕೆಸರು, ಕೆಳಗೆ ಒಣಗು. ಮೊಳಕೆ ತರಗಿನ ಅಡಿಯಲ್ಲೇ ಬೆಳ್ಳಗೆ ಬಾಗಿ ನಿಂತಿತು. ಮೇಲೆ ಬಂದ ಕಬ್ಬೂ ಏಪ್ರಿಲ್ ಹೊತ್ತಿಗೆ ನಿಂಬೆ ಬಣ್ಣಕ್ಕೆ ತಿರುಗಿತು. ಯೂರಿಯಾ ಕೊಟ್ಟೆ, ಹಸಿರಾಗಲಿಲ್ಲ. ಮತ್ತೆ ಕೊಟ್ಟೆ. ಇಲಿ ಕಾಟ ಬೇರೆ. ಕೊನೆಗೆ ಎಕರೆಗೆ 26 ಟನ್. ಪಕ್ಕದ ಗದ್ದೆಯವರು ಸುಟ್ಟು 34 ತೆಗೆದರು. ಎರಡು ಎಕರೆಗೆ ಸುಮಾರು 40 ಸಾವಿರ ಲುಕ್ಸಾನು ಅಂತ ಲೆಕ್ಕ ಹಾಕಿದ್ದೆ. ಮನೆಯಲ್ಲಿ ಒಂದು ತಿಂಗಳು ಯಾರೂ ನನ್ನ ಜೊತೆ ಕಬ್ಬಿನ ಮಾತೇ ಆಡಲಿಲ್ಲ.

2019ರಲ್ಲಿ ಬಾಟಲಿಗಳ ಮೊರೆ ಹೋದೆ. 20 ರೂಪಾಯಿಯ ವೇಸ್ಟ್ ಡಿಕಂಪೋಸರ್ (ಕಸ ಕೊಳೆಸುವ ಸೂಕ್ಷ್ಮಜೀವಿಗಳ ಬಾಟಲಿ), 200 ಲೀಟರ್ ಡ್ರಮ್ಮು, ಎರಡು ಕೆಜಿ ಬೆಲ್ಲ, ಎಲ್ಲರೂ ಮಾಡಿದ್ದೇ. ಪೇಟೆಯ ಒಂದು ಅಂಗಡಿಯವರು ಇದಕ್ಕಿಂತ ಜೋರಾದ್ದು ಅಂತ ಲೀಟರಿಗೆ 650 ರೂಪಾಯಿಯ ಔಷಧಿಯನ್ನೂ ಕೊಟ್ಟರು. ಎರಡನ್ನೂ ಸಿಂಪಡಿಸಿ ಹದಿನೈದು ದಿನ ಆಗಿತ್ತು. ಮಾರ್ಚ್ ತಿಂಗಳು, ಸಂಜೆ ಏಳು ಗಂಟೆ. ಪಕ್ಕದವರು ತಮ್ಮ ತರಗಿಗೆ ಬೆಂಕಿ ಇಟ್ಟರು. ಗಾಳಿ ನಮ್ಮ ಕಡೆ ತಿರುಗಿತು. ಬದು ದಾಟಿ ಬಂದ ಬೆಂಕಿ ಕಾಲು ಗಂಟೆಯಲ್ಲಿ ಒಂದೂವರೆ ಎಕರೆ ನುಂಗಿತು. ನಾನೂ ನನ್ನ ಮಗನೂ ಬೇವಿನ ಸೊಪ್ಪು ಹಿಡಿದು ಬಡಿದು ಉಳಿಸಿಕೊಂಡಿದ್ದು ಅರ್ಧ ಎಕರೆ ಮಾತ್ರ.

ಆ ಅರ್ಧ ಎಕರೆಯೇ ನನಗೆ ಪಾಠ ಹೇಳಿದ್ದು. ಅಲ್ಲೊಂದು ತುಂಡಿನಲ್ಲಿ ನೀರು ಹರಿಯಲಿ ಅಂತ ಒಂದು ಸಾಲಿನ ತರಗನ್ನು ಎಳೆದು ಪಕ್ಕದ ಸಾಲಿಗೆ ತುಂಬಿದ್ದೆ. ಸುಮ್ನೆ ಕೈಗೆ ಬಂದ ಹಾಗೆ ಮಾಡಿದ್ದು. ಮಳೆಗಾಲ ಮುಗಿಯುವಾಗ ನೋಡಿದರೆ ಆ ತುಂಡಿನಲ್ಲಿ ಕಬ್ಬು ಸುಟ್ಟ ಕಡೆಯದ್ದಕ್ಕಿಂತ ಎರಡು ಗಣ್ಣು ಮೇಲಿತ್ತು. ನೀರಿನ ಸಾಲು ಬೇರೆ, ತರಗಿನ ಸಾಲು ಬೇರೆ. ಕಬ್ಬಿನ ಬೇರು ಎರಡೂ ಕಡೆಯಿಂದ ಉಣ್ಣುತ್ತದೆ. ಮಾರನೇ ವರ್ಷ ಸಾಲು ಅದಲು ಬದಲು. ಇಷ್ಟೇ ಅದರ ಗುಟ್ಟು.

2020ರ ಜೂನ್‌ನಲ್ಲಿ ಬುಡ ಕಿತ್ತು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ 0517 ಕಬ್ಬಿನ ತಳಿ ಹಾಕಿದೆ. ಆಗ ಇನ್ನೊಂದು ತಪ್ಪು ಮಾಡಿದೆ. ಕಾರ್ಖಾನೆಯಿಂದ ನಾಲ್ಕು ಲೋಡ್ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ತರಿಸಿ, ಎರಡು ಲೋಡನ್ನು ಬಿಸಿ ಆರುವ ಮೊದಲೇ ಸಾಲಿಗೆ ಹಾಕಿಸಿದೆ. ಕೈಯಿಟ್ಟರೆ ಸುಡುತ್ತಿತ್ತು. ಹತ್ತು ಗುಂಟೆಯಲ್ಲಿ ಬಿತ್ತನೆ ತುಂಡುಗಳೆಲ್ಲ ಬೆಂದು ಹೋದವು. ಮತ್ತೆ ಬಿತ್ತನೆ, ಮತ್ತೆ ಆಳು, ಏಳೆಂಟು ಸಾವಿರ ಹೋಯಿತು. ಉಳಿದ ಎರಡು ಲೋಡನ್ನು ಹೊಂಗೆ ಮರದ ಕೆಳಗೆ ಮೂರು ತಿಂಗಳು ಬಿಟ್ಟು, ಎರಡು ಸಲ ಮಗುಚಿ ಹಾಕಿದೆ. ಅದು ಚಿನ್ನದಂಥ ಗೊಬ್ಬರ ಆಯಿತು. ಇವತ್ತಿಗೂ ಪ್ರೆಸ್‌ಮಡ್ ಹಾಗೇ ಬಳಸುತ್ತೇನೆ. ಅದೇ ವರ್ಷ ಸಾಲಿನ ನಡುವೆ ಹಸಿರೆಲೆ ಗೊಬ್ಬರದ ಅಪ್ಸೆಣಬು ಎಕರೆಗೆ ಹತ್ತು ಕೆಜಿ ಚೆಲ್ಲಿ, 45 ದಿನಕ್ಕೆ, ಹೂ ಬಿಡುವ ಮೊದಲು ಕೊಯ್ದು ಬುಡಕ್ಕೆ ಹಾಕಿದೆ. ಒಂದು ವಾರ ತಡ ಮಾಡಿದ ಕಡೆ ಕಡ್ಡಿ ನಾರಾಗಿ ಕುಡುಗೋಲಿಗೆ ಬಗ್ಗಲಿಲ್ಲ.

ತನಿ ಕಬ್ಬು, ಅಂದರೆ ಹೊಸ ನಾಟಿಯ ಮೊದಲ ಬೆಳೆ, 2021ರ ಆಗಸ್ಟ್‌ನಲ್ಲಿ ಕಡಿದಾಗ ಎಕರೆಗೆ 47 ಟನ್ ಇತ್ತು. ಕಡಿತ ಫೆಬ್ರವರಿಯಿಂದ ಆಗಸ್ಟ್‌ಗೆ ಬಂದಿದ್ದು ನನ್ನ ಅದೃಷ್ಟ. ನಮ್ಮಲ್ಲಿ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಫೆಬ್ರವರಿ ತರಗು ನಾಲ್ಕು ತಿಂಗಳು ಒಣಗಿ ಕೂರುತ್ತದೆ, ಬೆಂಕಿಗೆ ತುತ್ತು. ಆಗಸ್ಟ್ ತರಗಿಗೆ ಮಳೆ ಕೂಡಲೇ ಸಿಗುತ್ತದೆ. ಕಡಿತದ ತಿಂಗಳು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ, ನಿಜ. ಆದರೆ ಹೊಸ ನಾಟಿ ಮಾಡುವವರು ಇದನ್ನು ಯೋಚಿಸಿ ನಾಟಿ ಮಾಡಬಹುದು.

ಈಗ ನಾನು ಮಾಡುವುದು ಇಷ್ಟು. ಕಡಿಯುವ ಗ್ಯಾಂಗಿಗೆ ಟನ್ನಿಗೆ 50 ರೂಪಾಯಿ ಜಾಸ್ತಿ ಕೊಟ್ಟು ನೆಲಸಮ ಕಡಿಸುತ್ತೇನೆ. ಮೋಟು ಮೇಲೆ ಉಳಿದರೆ ಕೂಳೆ ಕೆಟ್ಟಿತು ಅಂತಲೇ ಲೆಕ್ಕ. ಮೂರು ದಿನದ ಒಳಗೆ ತರಗು ಪುಡಿ ಮಾಡುವ ಯಂತ್ರ ಓಡಬೇಕು. ಗಂಟೆಗೆ 1,200, ಎಕರೆಗೆ ಎರಡು ಗಂಟೆ. ಆಮೇಲೆ ಮೂರು ಆಳು ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗು ಎಳೆಯುತ್ತಾರೆ. ಅದರ ಮೇಲೆ ಎಕರೆಗೆ ಒಂದು ಚೀಲ ಯೂರಿಯಾ, ಎರಡು ಚೀಲ ಸೂಪರ್ ಫಾಸ್ಫೇಟ್. ಈ ಯೂರಿಯಾ ಕಬ್ಬಿಗಲ್ಲ, ತರಗಿಗೆ. ನಾನು 2018ರಲ್ಲಿ ಸೋತಿದ್ದು ಇಲ್ಲೇ. ತರಗು ಮೊದಲು ತಾನು ಉಣ್ಣುತ್ತದೆ, ಹೊಟ್ಟೆ ತುಂಬಿದ ಮೇಲೆ ಕಬ್ಬಿಗೆ ಬಿಡುತ್ತದೆ. ಅದಕ್ಕೆ ಮೊದಲೇ ಉಣಿಸಿಬಿಟ್ಟರೆ ಕಬ್ಬು ಹಳದಿ ಆಗಲ್ಲ. ಮೇಲೆ ಸಗಣಿ ಬಗ್ಗಡ ಚೆಲ್ಲಿ, ನೇಗಿಲಿನಿಂದ ತೆಳ್ಳಗೆ ಮಣ್ಣು ಎಳೆಯುತ್ತೇನೆ. ಮಣ್ಣು ತಾಗಿದ ತರಗು ಬೇಗ ಕರಗುತ್ತದೆ, ಬೆಂಕಿಯೂ ಹಿಡಿಯಲ್ಲ. ಬಗ್ಗಡಕ್ಕೆ ಇನ್ನೊಂದು ವಸ್ತು ಸೇರಿಸುತ್ತೇನೆ. ಎರಡು ವರ್ಷದಿಂದ ಮಾತ್ರ ನೋಡುತ್ತಿರುವುದು, ಅದನ್ನು ಇಲ್ಲಿ ಬರೆಯಲ್ಲ. ಗದ್ದೆಗೆ ಬಂದವರಿಗೆ ತೋರಿಸುತ್ತೇನೆ.

ಬಾಟಲಿ ಬೇಕೇ ಅಂತ ತುಂಬ ಜನ ಕೇಳುತ್ತಾರೆ. 2022ರಲ್ಲಿ ಒಂದು ಎಕರೆಗೆ ಡಿಕಂಪೋಸರ್ ಕೊಟ್ಟು, ಇನ್ನೊಂದಕ್ಕೆ ಬರೀ ಯೂರಿಯಾ, ಬಗ್ಗಡ ಕೊಟ್ಟೆ. 90 ದಿನಕ್ಕೆ ಎರಡೂ ಕಡೆ ತರಗು ಒಂದೇ ಥರ ಪುಡಿಯಾಗಿತ್ತು. ನನ್ನ ಗದ್ದೆಯ ಮಟ್ಟಿಗೆ ತೇವ ಮತ್ತು ಯೂರಿಯಾ ಇದ್ದರೆ ಸಾಕು. 650 ರೂಪಾಯಿಯ ಔಷಧಿ ಮತ್ತೆ ಕೊಂಡಿಲ್ಲ.

2023 ನೆನಪಿದೆ ಅಲ್ವಾ? ಮಳೆ ಕೈಕೊಟ್ಟಿತು, ಕೆಆರ್‌ಎಸ್ ತುಂಬಲಿಲ್ಲ, ನಾಲೆ ನೀರು ನಿಂತಿತು. ನನ್ನ ಬೋರ್‌ವೆಲ್‌ನಲ್ಲಿ ಬರುವುದು ಒಂದೂವರೆ ಇಂಚು. 2024ರ ಏಪ್ರಿಲ್‌ನಲ್ಲಿ ನೀರು ಹಾಯಿಸಿದ ಹದಿನೆಂಟನೇ ದಿನ, ಮಧ್ಯಾಹ್ನ ಹನ್ನೆರಡಕ್ಕೆ ತರಗಿನ ಸಾಲಿಗೆ ಕೈ ಹಾಕಿದೆ. ಮೇಲಿನ ಪದರ ಗರಿಗರಿ. ಅದರ ಕೆಳಗೆ ಕಂದು ಬಣ್ಣದ ಪುಡಿ, ನಡುನಡುವೆ ಹತ್ತಿಯ ಎಳೆಯಂಥ ಬಿಳಿ ಬೂಷ್ಟು. ಇನ್ನೂ ಕೆಳಗೆ ಮಣ್ಣು ತಣ್ಣಗಿತ್ತು, ಹಿಡಿದರೆ ಉಂಡೆ ಆಯಿತು. ಮೊದಲ ಮಳೆಗೆ ಬರುವ ವಾಸನೆ. ಎರೆಹುಳು ಹಾಕಿದ ಸಣ್ಣ ಸಣ್ಣ ಮಣ್ಣಿನ ಹಿಕ್ಕೆಗಳ ನಡುವೆ ಕಬ್ಬಿನ ಬಿಳಿ ಬೇರು ತರಗಿನ ಒಳಕ್ಕೇ ನುಗ್ಗಿತ್ತು. ನೀರಿಲ್ಲದ ಆ ಬೇಸಿಗೆಯಲ್ಲಿ ಅಲ್ಲೇ ಬದುವಿನ ಮೇಲೆ ಕೂತು ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ.

ಆ ವರ್ಷ 36 ಟನ್ ಬಂತು. ಸುತ್ತಮುತ್ತ ಎಷ್ಟೋ ಗದ್ದೆಗಳು 20 ದಾಟಲಿಲ್ಲ, ಕೆಲವರು ಮೇವಿಗೆ ಕಡಿದು ಕೊಟ್ಟರು.

ಏಪ್ರಿಲ್ ತಿಂಗಳ ಆ ದಿನವೇ ಮನೆಗೆ ಎರಡು ಹೆಂಟೆ ತಂದು ಎರಡು ಗಾಜಿನ ಲೋಟದ ನೀರಿಗೆ ಹಾಕಿದೆ. ಒಂದು ನನ್ನ ಗದ್ದೆಯದು, ಒಂದು ಪ್ರತಿ ವರ್ಷ ಸುಡುವ ಗದ್ದೆಯದು. ಸುಟ್ಟ ಗದ್ದೆಯ ಹೆಂಟೆ ಎರಡು ನಿಮಿಷದಲ್ಲಿ ಕರಗಿ ನೀರು ಟೀ ಥರ ಆಯಿತು. ನನ್ನದು ರಾತ್ರಿ ಊಟ ಮುಗಿಯುವವರೆಗೂ ಹಾಗೇ ಕೂತಿತ್ತು. ಪರೀಕ್ಷೆಗೆ ಕಾಸು ಖರ್ಚಿಲ್ಲ, ಮಾಡಿ ನೋಡಿ.

ಲೆಕ್ಕ ಹೇಳುತ್ತೇನೆ, ಹೆಚ್ಚು ಕಮ್ಮಿ ಇರಬಹುದು. ಯಂತ್ರ, ಆಳು, ತರಗಿನ ಯೂರಿಯಾ, ಸೂಪರ್ ಎಲ್ಲ ಸೇರಿ ಎಕರೆಗೆ ಐದು ಸಾವಿರ ಚಿಲ್ಲರೆ. ನೆಲಸಮ ಕಡಿತಕ್ಕೆ ಎರಡು ಸಾವಿರ. ತರಗು ಕಳೆಯನ್ನು ಅಡಗಿಸುವುದರಿಂದ ಉಳಿಯುವುದು ಒಂದು ಸಲದ ಪೂರ್ತಿ ಕಳೆ ಕೂಲಿ, ಅದೇ ನಾಲ್ಕು ಸಾವಿರ. ಯೂರಿಯಾ ತರಗಿನದೂ ಸೇರಿ ಆರು ಚೀಲದಿಂದ ನಾಲ್ಕಕ್ಕೆ ಇಳಿದಿದೆ. ಪೊಟ್ಯಾಷ್ 2022ರಲ್ಲಿ ಚೀಲಕ್ಕೆ 1,700 ಆದಾಗ ಒಂದು ಚೀಲ ಬಿಟ್ಟೆ, ಆಮೇಲೆ ಆ ಚೀಲ ಹಾಕಿಯೇ ಇಲ್ಲ. ತರಗಿನಲ್ಲಿ ಪೊಟ್ಯಾಷ್ ಚೆನ್ನಾಗಿ ಇರುತ್ತದೆ. ಇಲ್ಲಿಗೆ ಖರ್ಚು, ಉಳಿತಾಯ ಸರಿಸಮ. ಬಹಳ ಜನ ಇಲ್ಲಿಗೇ ಲೆಕ್ಕ ನಿಲ್ಲಿಸಿ ಇದರಲ್ಲಿ ಏನಿದೆ ಅಂತಾರೆ. ನಿಜವಾದ ದುಡ್ಡು ಇರುವುದು ಕೂಳೆಯ ಆಯುಷ್ಯದಲ್ಲಿ. ಹೊಸ ನಾಟಿಗೆ ಉಳುಮೆ, ಬಿತ್ತನೆ, ಆಳು ಅಂತ ಎಕರೆಗೆ 35ರಿಂದ 40 ಸಾವಿರ ಆಗುತ್ತದೆ. ಎರಡು ಕೂಳೆ ಜಾಸ್ತಿ ಬಂದರೆ ಆ ಖರ್ಚು ಎರಡು ವರ್ಷ ಮುಂದಕ್ಕೆ ಹೋಯಿತು. ಮೇಲೆ ಕೂಳೆ ಇಳುವರಿಯೂ ಹೆಚ್ಚು ಕುಸಿಯಲಿಲ್ಲ.

ಸಾವಯವ ಇಂಗಾಲ ಈ ವರ್ಷದ ಪರೀಕ್ಷೆಯಲ್ಲಿ ಶೇಕಡಾ 0.61. ಎಂಟು ವರ್ಷಕ್ಕೆ ಇಷ್ಟೇನಾ ಅಂದವರೂ ಇದ್ದಾರೆ. ನಮ್ಮ ಬಿಸಿಲಿಗೆ ಹಾಕಿದ್ದೆಲ್ಲ ಕರಗಿ ಹೋಗುತ್ತದೆ, ಅದರಲ್ಲಿ ಇಷ್ಟು ನಿಂತಿದೆಯಲ್ಲ. ಮತ್ತೆ ಬೆಂಕಿ ಇಡುತ್ತಾ ಹೋದರೆ ಕೆಳಗೆ ಇಳಿಯುತ್ತದೆ.

ತಗ್ಗಿನ ಮುಕ್ಕಾಲು ಎಕರೆಯಲ್ಲಿ ಇದೇ ಕೆಲಸ ಮಾಡಿ 2022ರಲ್ಲಿ ಕೈ ಸುಟ್ಟುಕೊಂಡೆ. ಅಲ್ಲಿ ನೀರು ನಿಲ್ಲುತ್ತದೆ. ತರಗು ಕೊಳೆತು ನಾತ ಹೊಡೆಯಿತು, ಬುಡ ಕಪ್ಪಾಯಿತು. ಚೌಳೂ ಸ್ವಲ್ಪ ಇದೆ. ಅಲ್ಲಿ ತರಗು ಹಾಕುವ ಮೊದಲು ನೀರು ಬಸಿಯಬೇಕು ಅಂತ ತಡವಾಗಿ ಅರ್ಥವಾಯಿತು. ಹೋದ ವರ್ಷ ಸುತ್ತ ಮೂರಡಿ ಬಸಿಗಾಲುವೆ ತೆಗೆಸಿದೆ, ಈ ಸಲ ಚೌಳು ತಾಳುವ ಹಸಿರೆಲೆ ಗೊಬ್ಬರದ ಡಯಾಂಚ ಬಿತ್ತಿ ಮಡಕೆ ಹೊಡೆಸಿದ್ದೇನೆ. ಅಲ್ಲಿನ ತರಗನ್ನು ಮೇಲಿನ ಗದ್ದೆಗೇ ಹೊರಿಸುತ್ತೇನೆ. ಬದು ಪಕ್ಕದವರು ಈ ಆಗಸ್ಟ್‌ನಲ್ಲಿ ಬಂದು ಯಂತ್ರದವರ ನಂಬರು ಇಸಿದುಕೊಂಡು ಹೋದರು. ಅವರದು ಕಡಿತ ಡಿಸೆಂಬರ್‌ಗೆ. ಮಳೆ ಸಿಗಲ್ಲ, ನೀರು ಕೊಟ್ಟು ತರಗು ನೆನೆಸಿ ಅಂತ ಹೇಳಿದ್ದೇನೆ. ಮೊದಲ ವರ್ಷ ಅರ್ಧ ಎಕರೆಗಷ್ಟೇ ಮಾಡಿ ಅಂತಲೂ ಹೇಳಿದ್ದೇನೆ.