ಗೇಮಿಂಗ್ ಪಿಸಿ ಜೋಡಿಸುವ ಮುಂಚೆ ಗೋಡೆಯ ಪ್ಲಗ್ ನೋಡಿ

ಎರಡು–ಮೂರು ಲಕ್ಷ ಹಾಕಿ ಒಳ್ಳೆಯ ಗೇಮಿಂಗ್ ಪಿಸಿ ಜೋಡಿಸಬೇಕು ಅಂತ ಹೊರಟವರು ಮೊದಲು ಕೇಳುವುದು ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ. ತುಮಕೂರಿನಲ್ಲಿ ಕೂತು ಕೇಳುವುದಾದರೆ ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಮನೆಗೆ ಬರುವ ಕರೆಂಟ್ ಹೇಗಿದೆ?

ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಮೊದಲ ಸಲ ಪಿಸಿ ಜೋಡಿಸಿದಾಗ ನಾನು ಇದನ್ನು ಕೇಳಿಕೊಳ್ಳಲಿಲ್ಲ. ಕಾರ್ಡಿಗೆ ಧಾರಾಳವಾಗಿ ಖರ್ಚು ಮಾಡಿ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಪಿಸಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ) ಅಗ್ಗದ್ದು ತಂದೆ. ಏಪ್ರಿಲ್‌ನ ಒಂದು ಸಂಜೆ ಕರೆಂಟ್ ಮೂರು ಸಲ ಹೋಗಿ ಬಂತು. ಸುಟ್ಟ ವಾಸನೆಗೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಎಸ್‌ಎಂಪಿಎಸ್ ತಾನೊಂದೇ ಹೋಗಲಿಲ್ಲ, ಮದರ್‌ಬೋರ್ಡನ್ನೂ ಜೊತೆಗೆ ಒಯ್ದಿತು. ಈ ಲೇಖನದ ಕ್ರಮ ಬೇರೆ ಕಡೆ ಓದಿದ್ದಕ್ಕಿಂತ ತಿರುಗಾಮುರುಗಾ ಇರುವುದಕ್ಕೆ ಕಾರಣ ಅದೇ.

ಮೊದಲು ಅರ್ಥಿಂಗ್

ಈಗಿರುವ ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಾದರೆ ಅರ್ಥಿಂಗ್ ಸರಿ ಇಲ್ಲ ಅಂತಲೇ ತಿಳಿಯಿರಿ. ಎಲೆಕ್ಟ್ರಿಷಿಯನ್ ಕರೆಸಿ, ಪ್ಲಗ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಲು ಹೇಳಿ. ಎರಡು–ಮೂರು ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಪಿಸಿಯ ಮಾತು ಆಮೇಲೆ, ಮೊದಲು ವೈರಿಂಗ್. ನಮ್ಮ ಕಡೆ ಬೇಸಿಗೆಯಲ್ಲಿ ನೆಲ ಒಣಗಿ ಅರ್ಥಿಂಗ್ ದುರ್ಬಲ ಆಗುತ್ತದೆ. ಅರ್ಥ್ ಗುಂಡಿಗೆ ಆಗಾಗ ಒಂದು ಬಿಂದಿಗೆ ನೀರು ಹಾಕುತ್ತಿರಿ.

ಆಮೇಲೆ ಮಾನಿಟರ್

ಕಾರ್ಡ್ ಯಾವುದು ಬೇಕು ಅಂತ ಹೇಳುವುದು ಮಾನಿಟರ್. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಂದರೆ 4ಕೆಯಲ್ಲಿ ಕಾರ್ಡಿಗೆ 1080ಪಿಯ ಸುಮಾರು ನಾಲ್ಕು ಪಟ್ಟು ಕೆಲಸ. ಮೇಜಿನ ಹತ್ತಿರ ಕೂತು ಆಡುವವರಿಗೆ 27 ಇಂಚಿನ 1440ಪಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ 16 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 5070 ಟಿಐ ಅಥವಾ ಆರ್‌ಎಕ್ಸ್ 9070 ಎಕ್ಸ್‌ಟಿ ಚೆನ್ನಾಗಿ ಹೊಂದುತ್ತದೆ. ಎರಡೂ 2025ರಲ್ಲಿ ಬಂದವು, ಎರಡೂ 300 ವ್ಯಾಟ್ ಆಸುಪಾಸು ತಿನ್ನುತ್ತವೆ. 4ಕೆಯೇ ಬೇಕು ಅಂದರೆ 360 ವ್ಯಾಟ್‌ನ 5080. ಎಲ್ಲಕ್ಕೂ ಮೇಲಿನ 5090 ಒಂದೇ 575 ವ್ಯಾಟ್ ಎಳೆಯುತ್ತದೆ. ಮನೆಯ ಕೋಣೆಗೆ ನಾನಂತೂ ಅದನ್ನು ಹೇಳಲಾರೆ.

ಎಸ್‌ಎಂಪಿಎಸ್‌ನಲ್ಲಿ ಉಳಿಸಬೇಡಿ

5080 ಹಾಕಿದ ಪಿಸಿಯ ಲೆಕ್ಕ ನೋಡಿ. ಕಾರ್ಡಿಗೆ 360, ಪ್ರೊಸೆಸರಿಗೆ ಹೆಚ್ಚೆಂದರೆ 160, ಉಳಿದದ್ದಕ್ಕೆ 60–80. ಒಟ್ಟು 600 ವ್ಯಾಟ್. ಕಾರ್ಡು ಕ್ಷಣಮಾತ್ರ ಇದಕ್ಕಿಂತ ಜಾಸ್ತಿಯೂ ಎಳೆಯುತ್ತದೆ, ಆದ್ದರಿಂದ 850 ವ್ಯಾಟ್‌ನದ್ದು ತಗೊಳ್ಳಿ. ಬಾಕ್ಸಿನ ಮೇಲೆ 80 ಪ್ಲಸ್ ಗೋಲ್ಡ್ ಅಂತ ಇದ್ದರಷ್ಟೇ ಸಾಲದು. ಅದು ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದರ ಗುರುತು, ಬಾಳಿಕೆಯದ್ದಲ್ಲ. ಎಟಿಎಕ್ಸ್ 3.1 (ಕಾರ್ಡಿನ ಆ ಕ್ಷಣಮಾತ್ರದ ಎಳೆತ ತಾಳಬೇಕು ಅನ್ನುವ ಮಾನದಂಡ) ಅಂತ ಇರಲಿ, ವಾರಂಟಿ ಏಳರಿಂದ ಹತ್ತು ವರ್ಷ ಇರಲಿ. ಅಷ್ಟು ವರ್ಷ ವಾರಂಟಿ ಕೊಡುವವರು ಒಳಗೆ ಕಳಪೆ ಮಾಲು ಹಾಕಿದರೆ ನಷ್ಟ ಅವರಿಗೇ ಅಲ್ವಾ?

2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳಿಗೆ ಕರೆಂಟ್ ಕೊಡುವ ಕನೆಕ್ಟರ್ ಕರಗಿದ್ದು ದೊಡ್ಡ ಸುದ್ದಿಯಾಗಿತ್ತು. ಈಗ ಬರುವ 12ವಿ-2×6 ಕನೆಕ್ಟರ್ ಅದರ ತಿದ್ದಿದ ರೂಪ. ಆದರೂ ಅದನ್ನು ಪೂರ್ತಿ ಒಳಗೆ ಕೂರುವ ತನಕ ಒತ್ತಬೇಕು. ಬುಡದಲ್ಲೇ ವೈರನ್ನು ಮಡಚಬಾರದು.

ಯುಪಿಎಸ್ ಕೊಳ್ಳುವಾಗ

ಇಲ್ಲಿಯೇ ತುಂಬಾ ಜನ ಎಡವುತ್ತಾರೆ. ಯುಪಿಎಸ್ ಮೇಲೆ ದೊಡ್ಡದಾಗಿ ಬರೆದಿರುವುದು ವಿಎ (ವೋಲ್ಟ್-ಆಂಪಿಯರ್), ನಮಗೆ ಬೇಕಾಗಿರುವುದು ವ್ಯಾಟ್. 1000 ವಿಎ ಅಂತ ಇರುವುದು ಎಷ್ಟೋ ಸಲ 600 ವ್ಯಾಟ್ ಮಾತ್ರ ಹೊರುತ್ತದೆ. ಮೇಲೆ ಹೇಳಿದ ಪಿಸಿಗೆ ಮಾನಿಟರನ್ನೂ ಸೇರಿಸಿದರೆ ಅದು ಸಾಲುವುದಿಲ್ಲ. 900 ವ್ಯಾಟ್ ಹೊರುವುದು ಬೇಕು.

ಪ್ಯೂರ್ ಸೈನ್ ವೇವ್, ಅಂದರೆ ಗೋಡೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವುದು ಆಗಿದೆಯೇ ಅಂತ ಕೇಳಿಯೇ ತಗೊಳ್ಳಿ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ ಏರ್ಪಾಡು ಇರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾದಾಗ ಕೊಡುವ ಮೆಟ್ಟಿಲು ಮೆಟ್ಟಿಲು ಕರೆಂಟ್ ಕೆಲವಕ್ಕೆ ಒಗ್ಗುವುದಿಲ್ಲ. ಯುಪಿಎಸ್ ಇದ್ದೂ ಪಿಸಿ ಥಟ್ಟನೆ ಆರಿಹೋಗುತ್ತದೆ. ಮನೆಯ ಇನ್ವರ್ಟರಿಗೆ ಹಾಕೋಣ ಅಂದರೆ, ಫ್ಯಾನು ಲೈಟಿಗೆ ಅಂತ ತಂದ 900 ವಿಎ ಇನ್ವರ್ಟರ್ ಈ ಲೋಡ್ ಹೊರಲಾರದು. ಅಂದಹಾಗೆ, ಯುಪಿಎಸ್ ಇರುವುದು ಕರೆಂಟ್ ಹೋದ ಮೇಲೂ ಆಡುವುದಕ್ಕಲ್ಲ. ಆಟ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಐದು ನಿಮಿಷ ಸಿಕ್ಕರೆ ಸಾಕು.

ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ

ಇಲ್ಲಿ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಬರೀ ಆಟಕ್ಕಾದರೆ ರೈಜೆನ್ 7 9800ಎಕ್ಸ್3ಡಿ. ಎಂಟು ಕೋರ್, 96 ಎಂಬಿ ಎಲ್3 ಕ್ಯಾಶೆ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ). ಆಟಗಳಿಗೆ ಬಲ ಕೊಡುವುದು ಈ ಕ್ಯಾಶೆಯೇ. ಸ್ವಲ್ಪ ಉಳಿಸಬೇಕೆಂದರೆ 2023ರ 7800ಎಕ್ಸ್3ಡಿ ಈಗಲೂ ಚೆನ್ನ. ಎರಡೂ ಎಎಂ5 ಸಾಕೆಟ್‌ನಲ್ಲಿ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೂರುತ್ತವೆ, ಹಾಗಾಗಿ ಮಧ್ಯಮ ಬೆಲೆಯ ಬಿ650 ಅಥವಾ ಬಿ850 ಬೋರ್ಡ್ ಸಾಕು. ರ‍್ಯಾಮ್ ಡಿಡಿಆರ್5, 6000 ವೇಗದ್ದು, 16 ಜಿಬಿಯ ಎರಡು ಕಡ್ಡಿ. ನಾಲ್ಕು ಕಡ್ಡಿ ಹಾಕಿದರೆ ವೇಗ ಇಳಿಯುತ್ತದೆ. ಜೋಡಿಸಿದ ಮೇಲೆ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ, ಈ ಕಡ್ಡಿಗಳನ್ನು ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಪೋ ಆನ್ ಮಾಡಿ, ಇಲ್ಲದಿದ್ದರೆ ಕೊಟ್ಟ ದುಡ್ಡಿನ ವೇಗ ಸಿಗುವುದಿಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. 64 ಜಿಬಿ ಆಸೆ ಬಿಡಿ. ಎಸ್‌ಎಸ್‌ಡಿ ಜೆನ್ 4ರದ್ದೇ ಸಾಕು, ಜೆನ್ 5ಕ್ಕೆ ಸುಮ್ನೆ ಜಾಸ್ತಿ ಕೊಡಬೇಡಿ.

ಶೆಕೆ ಮತ್ತು ಧೂಳು

ಮಾರ್ಚ್–ಏಪ್ರಿಲ್ ಮಧ್ಯಾಹ್ನ ಇಲ್ಲಿ 35 ಡಿಗ್ರಿ ದಾಟುತ್ತದೆ. ಕೋಣೆಯ ಗಾಳಿಗಿಂತ ತಣ್ಣಗೆ ಯಾವ ಫ್ಯಾನೂ ಮಾಡಲಾರದು. 500 ವ್ಯಾಟ್ ತಿನ್ನುವ ಪಿಸಿ ಅಷ್ಟನ್ನೂ ಬಿಸಿಯಾಗಿ ಕೋಣೆಗೇ ಬಿಡುತ್ತದೆ. ಮುಂಭಾಗ ಗಾಜಿನ ಕ್ಯಾಬಿನೆಟ್ ನೋಡಲು ಚೆಂದ, ಆದರೆ ನಮಗೆ ಬೇಕಾದದ್ದು ಮುಂದೆ ಜಾಲರಿ ಇರುವ, ಧೂಳಿನ ಫಿಲ್ಟರ್ ಕಳಚಿ ತೊಳೆಯಬಹುದಾದ ಕ್ಯಾಬಿನೆಟ್. ಕಾರ್ಡಿನ ಉದ್ದ, ಕೂಲರಿನ ಎತ್ತರ ಎರಡನ್ನೂ ಮಿಲಿಮೀಟರ್‌ನಲ್ಲಿ ಬರೆದಿಟ್ಟುಕೊಂಡು ಹೋಗಿ. ಎಕ್ಸ್3ಡಿ ಪ್ರೊಸೆಸರ್ ಜೊತೆ ಕೂಲರ್ ಬರುವುದಿಲ್ಲ. ನೀರಿನ ಕೂಲರಿಗಿಂತ ದೊಡ್ಡ ಗಾಳಿ ಕೂಲರ್ ನನಗೆ ಇಷ್ಟ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಅದನ್ನು ನಾವೇ ಬದಲಿಸಬಹುದು.

ಎಲ್ಲಿ ಕೊಳ್ಳುವುದು

ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್.ಪಿ. ರೋಡ್ ನಮಗೆ 70 ಕಿಲೋಮೀಟರ್. ಬೆಳಗಿನ ರೈಲು ಹತ್ತಿದರೆ ನಾಲ್ಕಾರು ಅಂಗಡಿ ವಿಚಾರಿಸಿ ಸಂಜೆಗೆ ವಾಪಸ್ ಬರಬಹುದು. ಕಾರ್ಡು, ಪ್ರೊಸೆಸರ್ ಅಲ್ಲಿ ತನ್ನಿ. ಯುಪಿಎಸ್ ಮಾತ್ರ ನಮ್ಮೂರಲ್ಲೇ ಕೊಳ್ಳಿ. ಬ್ಯಾಟರಿ ಕೆಟ್ಟಾಗ ಅಷ್ಟು ಭಾರ ಹೊತ್ತು ಬೆಂಗಳೂರಿಗೆ ಹೋಗುವುದು ಕಷ್ಟ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಬರೆಸಿ, ಅಂಗಡಿಯಲ್ಲೇ ಬಾಕ್ಸಿನ ನಂಬರ್ ಜೊತೆ ತಾಳೆ ನೋಡಿ. ಬಿಲ್ಲಿನ ಅಕ್ಷರ ಒಂದೆರಡು ವರ್ಷದಲ್ಲಿ ಮಾಸಿಹೋಗಬಹುದು, ಅವತ್ತೇ ಫೋಟೊ ತೆಗೆದಿಡಿ. ಖಾಲಿ ಬಾಕ್ಸುಗಳನ್ನು ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿಡಿ. ದೀಪಾವಳಿಗೆ ಮನೆ ಶುಚಿ ಮಾಡುವಾಗ ಯಾರೂ ಎಸೆಯದ ಹಾಗೆ ಮನೆಯವರಿಗೂ ಒಂದು ಮಾತು ಹೇಳಿಡಿ.