ಕಣ್ಣು ತೊಳೆದ ನೀರಲ್ಲಿ ಸಿಡಿ45 ಎಣಿಸಿದ್ದು: ನನ್ನ ಅನುಭವ

ಕಣ್ಣಿನ ಮೇಲ್ಮೈಯಲ್ಲಿರೋ ಬಿಳಿ ರಕ್ತಕಣಗಳನ್ನ ಎಣಿಸೋದು ನನ್ನ ಕೆಲಸ. ಸಿಡಿ45 ಅಂದ್ರೆ ಅವುಗಳ ಮೇಲಿರೋ ಗುರುತಿನ ಪ್ರೋಟೀನ್. ಕಣ್ಣು ತೊಳೆದ ನೀರಿಂದಲೇ ಅವನ್ನ ತೆಗೀತೀನಿ ಅಂದಾಗ, "ತೊಳೆದ ನೀರಲ್ಲಿ ಏನಮ್ಮಾ ಸಿಗುತ್ತೆ? ಇಂಪ್ರೆಶನ್ ಸೈಟಾಲಜಿ ಮಾಡು" ಅಂತಲೇ ಎಲ್ಲರೂ ಹೇಳಿದ್ದು. ಮೊದಲು ಅದನ್ನೇ ಮಾಡಿದೆ. ಕಣ್ಣಿನ ಮೇಲೆ ತೆಳು ಮೆಂಬ್ರೇನ್ ಒತ್ತಿ ತೆಗೆದರೆ ಮೇಲ್ಪದರದ ಎಪಿಥೀಲಿಯಲ್ ಸೆಲ್‌ಗಳೇ ರಾಶಿ, ನನಗೆ ಬೇಕಾದವು ಬೆರಳೆಣಿಕೆ. ಒಮ್ಮೆ ಮಾಡಿಸಿಕೊಂಡವರು ಎರಡನೇ ಸಲ ಒಪ್ಪಲೇ ಇಲ್ಲ.

ಆಮೇಲೆ ಸಲೈನ್ ಹಿಡಿದೆ. ಮರಗಟ್ಟಿಸೋ ಹನಿ ಬೇಡ. ತಲೆ ಪಕ್ಕಕ್ಕೆ ವಾಲಿಸಿ, ಮೂಗಿನ ಕಡೆಯಿಂದ ಬೆಚ್ಚಗಿನ ಸಲೈನ್ ಮೂರು ಎಂ.ಎಲ್. ಹನಿಹನಿಯಾಗಿ ಬಿಟ್ಟು, ಕಿವಿ ಕಡೆ ಮೂಲೆಯಲ್ಲಿ ಟ್ಯೂಬ್ ಹಿಡಿಯೋದು. ಅಷ್ಟೇ.

ಮೊದಲ ಹನ್ನೆರಡೋ ಹದಿಮೂರೋ ಸ್ಯಾಂಪಲ್ ಹಾಳಾದವು. ಎಲ್ಲಿ ಹೋಗ್ತಿವೆ ಅಂತ ನೋಡೋಕೆ ರಕ್ತದಿಂದ ತೆಗೆದ 5,000 ಸೆಲ್ ಎಣಿಸಿ ಹಾಕಿದೆ. ಕೊನೆಗೆ ಉಳಿದಿದ್ದು 1,200ರ ಆಸುಪಾಸು. ಟ್ಯೂಬ್ ಬದಲಿಸಿದಾಗೆಲ್ಲ ಪ್ಲಾಸ್ಟಿಕ್‌ಗೆ ಅಂಟಿ ಹೋಗ್ತಿದ್ದವು. ಈಗ ಫ್ಲೋಗೆ (ಸೆಲ್‌ಗಳನ್ನ ಲೇಸರ್ ಮುಂದೆ ಒಂದೊಂದಾಗಿ ಓಡಿಸಿ ಎಣಿಸೋ ಫ್ಲೋ ಸೈಟೋಮೀಟರ್ ಯಂತ್ರ) ಹಾಕೋ ಟ್ಯೂಬಿಗೇ, ಸೆಲ್ ಅಂಟದ ಹಾಗೆ, ಹಿಂದಿನ ರಾತ್ರಿ ಬಿಎಸ್‌ಎ ಅನ್ನೋ ಪ್ರೋಟೀನ್ ಹಾಕಿಡ್ತೀನಿ. ಹಿಡಿಯೋದು, ಸೆಲ್ ತಳಕ್ಕಿಳಿಸೋ ಸ್ಪಿನ್, ಬಣ್ಣ ಅಂಟಿಸಿದ ಆಂಟಿಬಾಡಿಯಿಂದ ಸ್ಟೇನ್, ಓಡಿಸೋದು ಎಲ್ಲ ಅದರಲ್ಲೇ. ಸ್ಪಿನ್‌ಗೆ ಸ್ವಿಂಗ್ ಔಟ್ ರೋಟರ್ (ತಿರುಗುವಾಗ ಟ್ಯೂಬ್ ಅಡ್ಡ ಮಲಗುತ್ತೆ), ನಿಲ್ಲಿಸುವಾಗ ಬ್ರೇಕ್ ಇಲ್ಲ. ತಳದಲ್ಲಿ ಕೂರೋ ಸೆಲ್‌ಗಳ ಪೆಲೆಟ್ ಕಣ್ಣಿಗೆ ಕಾಣಲ್ಲ, ಆದ್ದರಿಂದ ತಳದ 100 ಮೈಕ್ರೋಲೀಟರ್ ಮುಟ್ಟಲೇಬಾರದು. ಸ್ಪಿನ್‌ಗೆ ಮುಂಚೆ ಲೋಳೆ ಬಿಡಿಸೋಕೆ ಒಂದು ಉಪಾಯ ಇದೆ. ಪೇಪರ್ ಬರೋವರೆಗೆ ಅದು ನನ್ನ ಹತ್ತಿರವೇ ಇರಲಿ.

ಇನ್ನೊಂದು ಪೆಟ್ಟು ಮರೆಯೋಕಾಗಲ್ಲ. ಒಂದು ವಾರ ಎಲ್ಲಾ ಸೆಲ್‌ಗಳೂ ಸಿಡಿ45 ಪಾಸಿಟಿವ್, ಸಿಡಿ45 ಇರಬಾರದ ಎಪಿಥೀಲಿಯಲ್ ಕೂಡ! ಹೊಸ ಆಂಟಿಬಾಡಿ ತರಿಸಿದೆವು, ಮೂವತ್ತು ಸಾವಿರದ ಹತ್ತಿರ ಹೋಯಿತು. ಆಮೇಲೆ ಒಂದು ದಿನ ಟ್ಯೂಬನ್ನ ಕಿಟಕಿ ಬೆಳಕಿಗೆ ಹಿಡಿದೆ. ನೀರು ತೆಳು ಹಸಿರು. ಒಪಿಡಿಯಲ್ಲಿ ಮೊದಲೇ ಕಣ್ಣು ಪರೀಕ್ಷೆಗೆ ಹಸಿರಾಗಿ ಹೊಳೆಯೋ ಫ್ಲೋರೆಸಿನ್ ಬಣ್ಣದ ಸ್ಟ್ರಿಪ್ ಹಾಕಿ ಕಳಿಸ್ತಿದ್ದರು, ನನ್ನ ಸಿಡಿ45 ಆಂಟಿಬಾಡಿ ಇದ್ದಿದ್ದು ಅದೇ ಥರ ಹಸಿರಾಗಿ ಹೊಳೆಯೋ ಎಫ್‌ಐಟಿಸಿ ಬಣ್ಣದಲ್ಲಿ. ಈಗ ಮೊದಲು ತೊಳೆಯೋದು, ಆಮೇಲೆ ಬಣ್ಣ. ಸಿಡಿ45 ಕೂಡ ಕೆಂಪಾಗಿ ಹೊಳೆಯೋ ಎಪಿಸಿ ಬಣ್ಣಕ್ಕೆ ಹೋಯಿತು.

ದುಡ್ಡು ಉಳಿದಿದ್ದು ಟೈಟ್ರೇಷನ್‌ನಿಂದ, ಅಂದ್ರೆ ಆಂಟಿಬಾಡಿ ಎಷ್ಟಿದ್ದರೆ ಸಾಕು ಅಂತ ಅಳೆದು ನೋಡೋದರಿಂದ. ಆಂಟಿಬಾಡಿ ವಯಲ್ ಮೇಲೆ 5 ಮೈಕ್ರೋಲೀಟರ್ ಅಂತಿರುತ್ತೆ. ಇಷ್ಟು ಕಡಿಮೆ ಸೆಲ್‌ಗೆ ಒಂದೂವರೆ ಸಾಕು. ಟ್ಯೂಬಿಗೆ ಎಂಟುನೂರು ಚಿಲ್ಲರೆ ಬೀಳ್ತಿದ್ದ ಖರ್ಚು ಮುನ್ನೂರಕ್ಕೆ ಇಳಿಯಿತು.

ಸುಮ್ನೆ ಕುತೂಹಲಕ್ಕೆ ಬೆಳಗ್ಗೆ ಐದಕ್ಕೆ, ಎದ್ದ ತಕ್ಷಣ ನನ್ನ ಕಣ್ಣನ್ನೇ ರೂಮ್‌ಮೇಟ್ ಕೈಲಿ ತೊಳೆಸಿದೆ. ನಿದ್ದೆಯಲ್ಲಿ ಮುಚ್ಚಿದ ಕಣ್ಣಿಗೆ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಬರುತ್ತವೆ ಅಂತ ಓದಿದ್ದೆ, ಆದರೂ ಸ್ಕ್ರೀನ್ ನೋಡಿ ಎದೆ ಝಲ್ ಅಂತು. ನ್ಯೂಟ್ರೋಫಿಲ್ ಗುರುತಾದ ಸಿಡಿ66ಬಿ ಇರೋ ಸೆಲ್‌ಗಳನ್ನಷ್ಟೇ ಎಣಿಸೋ ಗೇಟಲ್ಲಿ ಲಕ್ಷ ದಾಟಿತ್ತು! ಅದೇ ಕಣ್ಣು ಹನ್ನೊಂದು ಗಂಟೆಗೆ ಎರಡು ಮೂರು ಸಾವಿರ. ಹಾಗಾಗಿ ಸ್ಯಾಂಪಲ್ ತೆಗೆದ ಹೊತ್ತು ಬರೆಯದ ಡೇಟಾ ನಾನು ನಂಬಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ ಹೊಗೆ ದಾಟಿ ಸ್ಕೂಟರ್‌ನಲ್ಲಿ ಬಂದ ಮೇಲೂ ಮೂರು ಸಲ ತೊಳೆದು ನೋಡಿದೆ. ಮೂರೂ ಮೂರು ಥರ ಬಂತು, ಬಿಟ್ಟೆ.

ಈಗ ಡ್ರೈ ಐ ಇರುವವರ ನಲವತ್ತು ಕಣ್ಣು ಮುಗಿದಿವೆ. ಕೆಟ್ಟಿದ್ದು ಎರಡೇ. ಬೇಡ ಅಂದಿದ್ದ ಸೀನಿಯರ್ ಹೋದ ತಿಂಗಳಿಂದ ತಮ್ಮ ಸ್ಯಾಂಪಲ್ ನನ್ನ ಬೆಂಚಿಗೇ ಕಳಿಸ್ತಿದ್ದಾರೆ, ಐಸ್ ಮೇಲೆ, ಹೊತ್ತು ಬರೆದು.